ಹಳೇ ನ್ಯಾಸ್ ತೆರೆಯುತ್ತಿಲ್ಲ ಅಂದರೆ ಫೈಲ್ ಹೋಗಿದೆ ಅಂತಲ್ಲ

ಪ್ರಶ್ನೆ: ನಮ್ಮ ಮನೆಯಲ್ಲಿ 2009ರಲ್ಲಿ ತಂದ ಡಿ-ಲಿಂಕ್ ಡಿಎನ್‌ಎಸ್-323 ನ್ಯಾಸ್ ಬಾಕ್ಸ್ (ಮನೆಯ ನೆಟ್‌ವರ್ಕ್ ಮೂಲಕ ಫೈಲ್ ಇಡುವ ಡಿಸ್ಕ್ ಪೆಟ್ಟಿಗೆ) ಇದೆ. ಒಳಗೆ 1 ಟಿಬಿಯ ಎರಡು ಡಿಸ್ಕ್‌ಗಳಿವೆ, ರೇಡ್ 1 ಮಾಡಿಸಿದ್ದೆವು. ನಮ್ಮ ತಂದೆ ಹವ್ಯಾಸಿ ಭಾಗವತರಾಗಿದ್ದರು. ಅವರ ಯಕ್ಷಗಾನದ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ಇಳಿಸಿ ಇದರಲ್ಲೇ ಇಟ್ಟಿದ್ದೇವೆ. ಮನೆಯ ಫೋಟೊಗಳೂ ಇವೆ. ಬೇರೆಲ್ಲೂ ಕಾಪಿ ಇಲ್ಲ. ವಿಂಡೋಸ್ 7 ಕಂಪ್ಯೂಟರ್ ಕೆಟ್ಟ ಮೇಲೆ ವಿಂಡೋಸ್ 11 ಲ್ಯಾಪ್‌ಟಾಪ್ ತಗೊಂಡೆವು. ಅದೇ ಸಮಯಕ್ಕೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಿಟ್ಟು ಜಿಯೋ ಫೈಬರ್ ಹಾಕಿಸಿದೆವು. ಈಗ ನ್ಯಾಸ್ ತೆರೆಯುವುದೇ ಇಲ್ಲ, ನೆಟ್‌ವರ್ಕ್ ಪಾತ್ ಸಿಗಲಿಲ್ಲ ಎಂಬ ಎರರ್ ಬರುತ್ತದೆ. ಅಂಗಡಿಯವರು ಡಿಸ್ಕ್ ಹೋಗಿದೆ, ರಿಕವರಿಗೆ ಕಳಿಸಬೇಕು ಅಂದರು. ಬಾಕ್ಸ್‌ನ ದೀಪಗಳು ಮಾತ್ರ ಮೊದಲಿನಂತೆ ನೀಲಿಯಾಗೇ ಇವೆ. ಅಡ್ಮಿನ್ ಪಾಸ್‌ವರ್ಡ್ ನೆನಪಿಲ್ಲ. ಏನು ಮಾಡಲಿ?
— ಸಾಗರದ ಓದುಗರೊಬ್ಬರು

ಉತ್ತರ: ನೀವು ಬರೆದದ್ದರಲ್ಲಿ ಡಿಸ್ಕ್ ಹೋಗಿದೆ ಅನ್ನುವುದಕ್ಕೆ ಒಂದು ಗುರುತೂ ಕಾಣುತ್ತಿಲ್ಲ. ಈ ಮಾಡೆಲ್‌ನಲ್ಲಿ ಡಿಸ್ಕ್ ಕೆಟ್ಟರೆ ಅದರ ದೀಪ ನೀಲಿಯಿಂದ ಕಿತ್ತಳೆಗೆ ತಿರುಗುತ್ತದೆ. ನಿಮ್ಮಲ್ಲಿ ಲ್ಯಾಪ್‌ಟಾಪ್ ಹೊಸದಾಯಿತು, ರೌಟರ್ ಹೊಸದಾಯಿತು, ಬಾಕ್ಸ್ ಮಾತ್ರ ಹಾಗೇ ಉಳಿಯಿತು. ಹೊಸದಕ್ಕೂ ಹಳೆಯದಕ್ಕೂ ಹೊಂದಿಕೆ ಆಗುತ್ತಿಲ್ಲ. ರಿಕವರಿ ಲ್ಯಾಬ್‌ನ ಮಾತು ಈಗ ಬೇಡವೇ ಬೇಡ. ಲ್ಯಾಬ್‌ಗೆ ಹೋಗಬೇಕಾದ ಸಂದರ್ಭ ಯಾವುದು ಅಂತ ಕೆಳಗೆ ಹೇಳುತ್ತೇನೆ.

ಇಂಥ ಹೊತ್ತಿನಲ್ಲಿ ಫೈಲ್‌ಗಳು ಹಾಳಾಗುವುದು ಜಾಸ್ತಿ ನಮ್ಮ ಗಾಬರಿಯಿಂದಲೇ. ಹಾಗಾಗಿ ಮಾಡಬಾರದ್ದನ್ನು ಮೊದಲು ಹೇಳಿಬಿಡುತ್ತೇನೆ. ಯಾವ ಸ್ಕ್ರೀನ್ ಮೇಲೆ ಬಂದರೂ ಸರಿ, 'ಫಾರ್ಮ್ಯಾಟ್' ಎಂಬ ಪ್ರಶ್ನೆಗೆ ಹೂಂ ಅನ್ನಬೇಡಿ. ಡಿಎನ್‌ಎಸ್-323ರ ಪುಟವೇ ಕೆಲವೊಮ್ಮೆ ಹಾಗೆ ಕೇಳುತ್ತದೆ, ಹೊಸ ಡಿಸ್ಕ್ ಬಂದಿದೆ ಅಂದುಕೊಂಡು. ಎರಡು ಡಿಸ್ಕ್‌ಗಳ ಜಾಗ ಅದಲುಬದಲು ಮಾಡಬೇಡಿ. ಹಿಂದಿನ ಸಣ್ಣ ತೂತಿನ ರೀಸೆಟ್ ಬಟನ್ ಈಗಲೇ ಒತ್ತಬೇಡಿ. ಫರ್ಮ್‌ವೇರ್ (ಬಾಕ್ಸ್‌ನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಸರಿಹೋಗಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೇರೆ ಕಾಪಿ ಇಲ್ಲ ಅಂದಿರಲ್ಲ, ಹಾಗಿರುವಾಗ ಬಾಕ್ಸ್‌ನ ಮೇಲೆ ಏನನ್ನೂ ಹೊಸದಾಗಿ ಬರೆಯುವ ಕೆಲಸ ಬೇಡ. ಓದಿ ಹೊರಗೆ ತರುವುದಷ್ಟೇ ನಮ್ಮ ಕೆಲಸ. ರಿಪೇರಿ ಆಮೇಲೆ.

ಮೊದಲು ವಿಳಾಸದ ವಿಷಯ ನೋಡೋಣ, ಯಾಕೆಂದರೆ ನಿಮ್ಮ ತೊಂದರೆಯ ಅರ್ಧ ಇಲ್ಲೇ ಇದೆ ಅಂತ ನನ್ನ ಊಹೆ. ಬಿಎಸ್‌ಎನ್‌ಎಲ್ ಮೋಡೆಮ್‌ಗಳ ವಿಳಾಸ ಸಾಮಾನ್ಯವಾಗಿ 192.168.1.1. ಜಿಯೋ ಫೈಬರ್ ರೌಟರ್‌ನದು 192.168.29.1. ಆ ಮೂರನೇ ಸಂಖ್ಯೆ ಬೇರೆಯಾದರೆ ಎರಡೂ ಬೇರೆ ಬೇರೆ ನೆಟ್‌ವರ್ಕ್. 2009ರಲ್ಲಿ ಬಾಕ್ಸ್ ಕೂರಿಸಿದವರು ಅದಕ್ಕೆ ಕೈಯಾರೆ ಒಂದು ಸ್ಥಿರ ಐಪಿ, ಅಂದರೆ ಬದಲಾಗದ ನೆಟ್‌ವರ್ಕ್ ವಿಳಾಸ, ಕೊಟ್ಟಿದ್ದರೆ, ಅದು ಇವತ್ತಿಗೂ ಹಳೇ ಬೀದಿಯ ಮನೆ ನಂಬರ್ ಹಿಡಿದೇ ಕೂತಿರುತ್ತದೆ. ಲ್ಯಾಪ್‌ಟಾಪ್ ಹೊಸ ಬೀದಿಯಲ್ಲಿ ಹುಡುಕುತ್ತದೆ. ಸಿಗುವುದು ಹೇಗೆ?

ಜಿಯೋ ರೌಟರ್‌ನ ಪುಟ ತೆರೆದು ಅದಕ್ಕೆ ಸೇರಿರುವ ಸಾಧನಗಳ ಪಟ್ಟಿ ನೋಡಿ. ಅಲ್ಲಿ ಡಿಎನ್‌ಎಸ್-323 ಕಂಡರೆ ಐಪಿ ಬರೆದುಕೊಳ್ಳಿ, ಈ ಹಂತ ಮುಗಿಯಿತು. ಕಾಣದಿದ್ದರೆ ಬಾಕ್ಸ್‌ನ ಕೇಬಲ್ ಅನ್ನು ರೌಟರ್‌ನಿಂದ ಬಿಚ್ಚಿ ನೇರ ಲ್ಯಾಪ್‌ಟಾಪ್‌ಗೆ ಹಾಕಿ. ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ-ಲ್ಯಾನ್ ಅಡಾಪ್ಟರ್ ಸಿಗುತ್ತದೆ. ವೈಫೈ ಆಫ್ ಮಾಡಿ. ಲ್ಯಾಪ್‌ಟಾಪ್‌ನ ಈಥರ್‌ನೆಟ್ ಸೆಟ್ಟಿಂಗ್‌ನಲ್ಲಿ ಐಪಿ 192.168.1.10, ಸಬ್‌ನೆಟ್ ಮಾಸ್ಕ್ 255.255.255.0 ಅಂತ ಕೈಯಾರೆ ಕೊಡಿ. ಬಳಿಕ 'ಅಡ್ವಾನ್ಸ್ಡ್ ಐಪಿ ಸ್ಕ್ಯಾನರ್' ಥರದ ಒಂದು ಉಚಿತ ಪ್ರೋಗ್ರಾಂ ಓಡಿಸಿದರೆ ಬಾಕ್ಸ್ ಇರುವ ಐಪಿ ತೋರಿಸುತ್ತದೆ. ಅಲ್ಲೂ ಸಿಗದಿದ್ದರೆ ಲ್ಯಾಪ್‌ಟಾಪ್‌ಗೆ 192.168.0.10 ಕೊಟ್ಟು ಮತ್ತೆ ಹುಡುಕಿ. ಐಪಿ ಹಂಚುವ ರೌಟರ್ ಇಲ್ಲದಿದ್ದರೆ ಈ ಬಾಕ್ಸ್ ತಾನಾಗಿ 192.168.0.32 ಹಿಡಿಯುತ್ತದೆ. ನೇರ ಕೇಬಲ್ ಹಾಕುವುದರಲ್ಲಿ ಇನ್ನೊಂದು ಲಾಭವೂ ಇದೆ. ಬಾಕ್ಸ್‌ಗೆ ಇಂಟರ್ನೆಟ್ ಸೋಕುವುದಿಲ್ಲ. ಇಷ್ಟು ಹಳೇ ಸಾಧನಕ್ಕೆ ಅದೇ ಒಳ್ಳೆಯದು.

ಐಪಿ ಸಿಕ್ಕ ಮೇಲೆ ಬ್ರೌಸರ್‌ನಲ್ಲಿ ಅದನ್ನೇ ಟೈಪ್ ಮಾಡಿ. ಮುಂದೆ 'ಎಚ್‌ಟಿಟಿಪಿ' ಸೇರಿಸಿ, ಕೊನೆಗೆ ಎಸ್ ಇರಬಾರದು. ಈಗಿನ ಬ್ರೌಸರ್‌ಗಳು ತಾವಾಗಿ ಎಸ್ ಸೇರಿಸಿ, ಆಮೇಲೆ ಪುಟ ಬರುತ್ತಿಲ್ಲ ಅನ್ನುತ್ತವೆ. ಲಾಗಿನ್ ಪುಟ ಬಂತು ಅಂದರೆ ಬಾಕ್ಸ್ ಜೀವಂತ ಇದೆ ಅಂತಲೇ ಅರ್ಥ. ಯೂಸರ್ ಜಾಗದಲ್ಲಿ 'ಅಡ್ಮಿನ್' ಕೊಟ್ಟು ಪಾಸ್‌ವರ್ಡ್ ಖಾಲಿ ಬಿಟ್ಟು ನೋಡಿ. ಈ ಮಾಡೆಲ್ ಕಾರ್ಖಾನೆಯಿಂದ ಬರುವುದೇ ಹಾಗೆ, ಎಷ್ಟೋ ಮನೆಗಳಲ್ಲಿ ಯಾರೂ ಬದಲಾಯಿಸಿರುವುದೇ ಇಲ್ಲ. ಆಗದಿದ್ದರೆ ಹಳೇ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ಎಸೆಯಬೇಡಿ, ಅದರ ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಸೇವ್ ಆಗಿರಬಹುದು.

ಒಳಗೆ ಹೋಗಲು ಸಾಧ್ಯವಾಯಿತೇ? ಹಾಗಿದ್ದರೆ ನನ್ನ ಆಯ್ಕೆ ಎಫ್‌ಟಿಪಿ, ಅಂದರೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಫೈಲ್ ಸಾಗಿಸುವ ಹಳೇ ವಿಧಾನ. ಎಲ್ಲರೂ ಮೊದಲು ವಿಂಡೋಸ್‌ನ ಸೆಟ್ಟಿಂಗ್ ಬದಲಾಯಿಸಲು ಹೊರಡುತ್ತಾರೆ. ಆದರೆ ಡಿಎನ್‌ಎಸ್-323ರಲ್ಲೇ ಒಂದು ಎಫ್‌ಟಿಪಿ ಸರ್ವರ್ ಇದೆ. ಅದನ್ನು ಆನ್ ಮಾಡಿದರೆ ಲ್ಯಾಪ್‌ಟಾಪ್‌ನ ಭದ್ರತೆಯನ್ನು ಸ್ವಲ್ಪವೂ ಸಡಿಲ ಮಾಡಬೇಕಾಗಿಲ್ಲ. ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಎಫ್‌ಟಿಪಿ ಸರ್ವರ್ ಅಂತ ಇರುತ್ತದೆ. ಒಬ್ಬ ಯೂಸರ್‌ಗೆ ವಾಲ್ಯೂಮ್_1 ಫೋಲ್ಡರ್ ಓದಲು ಮಾತ್ರ ಅನುಮತಿ ಕೊಡಿ, ಸರ್ವರ್ ಶುರು ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಫೈಲ್‌ಜಿಲ್ಲಾ ಎಂಬ ಎಫ್‌ಟಿಪಿ ಪ್ರೋಗ್ರಾಂ ಹಾಕಿಕೊಂಡು, ಎನ್‌ಕ್ರಿಪ್ಶನ್ ಆಯ್ಕೆಯಲ್ಲಿ ಸಾದಾ ಎಫ್‌ಟಿಪಿ ಅಂತ ಆರಿಸಿ. ಸುರಕ್ಷಿತವಲ್ಲ ಅಂತ ಎಚ್ಚರಿಸುತ್ತದೆ. ಹೊರಗಿನ ಇಂಟರ್ನೆಟ್ ಮೇಲಾಗಿದ್ದರೆ ಆ ಎಚ್ಚರಿಕೆ ಸರಿ. ಒಂದೇ ಕೇಬಲ್‌ನ ಎರಡು ತುದಿಯಲ್ಲಿ ನಿಮ್ಮವೇ ಎರಡು ಯಂತ್ರ ಇರುವಾಗ ಚಿಂತೆ ಇಲ್ಲ.

ಎಫ್‌ಟಿಪಿಯಲ್ಲಿ ಒಂದು ವಿಷಯ ಗಮನಿಸಿ. ಫೈಲ್ ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟಿದ್ದರೆ, 'ಗದಾಪರ್ವ', 'ಭೀಷ್ಮ ವಿಜಯ' ಅಂತೆಲ್ಲ ಇದ್ದದ್ದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣಬಹುದು. ಒಳಗಿನ ಧ್ವನಿಗೆ ಏನೂ ಆಗಿರುವುದಿಲ್ಲ, ಹೆಸರು ಓದುವ ಕ್ರಮ ತಪ್ಪಿರುತ್ತದೆ. ಎಫ್‌ಟಿಪಿ ಪುಟದಲ್ಲಿ ಭಾಷೆಯ ಆಯ್ಕೆ ಇದೆ, ಅದನ್ನು ಯೂನಿಕೋಡ್‌ಗೆ ಬದಲಿಸಿ ನೋಡಿ. ಆಗಲೂ ಸರಿಯಾಗದಿದ್ದರೆ ಎಫ್‌ಟಿಪಿ ಬಿಟ್ಟು ಮುಂದಿನ ದಾರಿ ಹಿಡಿಯಿರಿ. ಯಾವ ಪ್ರಸಂಗ, ಯಾವ ಊರಿನ ಆಟ ಅನ್ನುವುದು ಫೈಲ್ ಹೆಸರಿನಲ್ಲಿ ಮಾತ್ರ ಇರುವುದಾದರೆ, ಹೆಸರು ಹೋದರೆ ಅರ್ಧ ಹೋದಂತೆಯೇ ಅಲ್ವಾ?

ಇನ್ನು ಅಡ್ಮಿನ್ ಪುಟದ ಒಳಗೆ ಹೋಗಲು ಆಗಲೇ ಇಲ್ಲ ಅಂದುಕೊಳ್ಳಿ. ಆಗ ಎಸ್‌ಎಂಬಿ ಕಡೆ ಬರಬೇಕು. ವಿಂಡೋಸ್ ಕಂಪ್ಯೂಟರ್‌ಗಳು ನೆಟ್‌ವರ್ಕ್ ಮೇಲೆ ಫೈಲ್ ಹಂಚಿಕೊಳ್ಳುವುದು ಎಸ್‌ಎಂಬಿ ಎಂಬ ಪ್ರೋಟೋಕಾಲ್‌ನಿಂದ. ಅದರ ಮೊದಲ ಆವೃತ್ತಿ 1980ರ ದಶಕದ್ದು. ವಿಂಡೋಸ್ ವಿಸ್ತಾ ಜೊತೆ ಎರಡನೆಯದು ಬಂತು, ಆದರೂ ನಿಮ್ಮ ಬಾಕ್ಸ್‌ಗೆ ಗೊತ್ತಿರುವುದು ಮೊದಲನೆಯದು ಮಾತ್ರ. 2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಈ ಮೊದಲ ಆವೃತ್ತಿಯ ದೋಷ ಹಿಡಿದೇ ಜಗತ್ತಿನ ತುಂಬ ಹರಡಿತು. ಇಂಗ್ಲೆಂಡಿನ ಎಷ್ಟೋ ಸರ್ಕಾರಿ ಆಸ್ಪತ್ರೆಗಳ ಕೆಲಸಕ್ಕೆ ಅಡ್ಡಿಯಾಯಿತು. ಅದಕ್ಕೆ ಬೇಕಾದ ಪ್ಯಾಚನ್ನು ಮೈಕ್ರೋಸಾಫ್ಟ್ ಆ ಮಾರ್ಚ್‌ನಲ್ಲೇ ಕೊಟ್ಟಿತ್ತು, ತುಂಬ ಜನ ಹಾಕಿಕೊಂಡಿರಲಿಲ್ಲ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ 1ನ್ನು ಹಂತಹಂತವಾಗಿ ತೆಗೆಯುತ್ತಾ ಬಂದರು. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಅದು ಇರುವುದಿಲ್ಲ, ಬೇಕಾದವರು ಹಾಕಿಕೊಳ್ಳಬೇಕು.

ಅದು ಒಳ್ಳೆಯ ನಿರ್ಧಾರವೇ. ಆದರೂ ಒಂದೆರಡು ದಿನದ ಮಟ್ಟಿಗೆ, ಬಾಕ್ಸ್‌ಗೆ ನೇರ ಕೇಬಲ್ ಹಾಕಿ, ವೈಫೈ ಆಫ್ ಮಾಡಿಟ್ಟುಕೊಂಡು ಬಳಸುವುದರಲ್ಲಿ ತಪ್ಪಿಲ್ಲ. ಸ್ಟಾರ್ಟ್ ಮೆನುವಿನಲ್ಲಿ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ಅಂತ ಹುಡುಕಿ. ಪಟ್ಟಿಯಲ್ಲಿ 'ಎಸ್‌ಎಂಬಿ 1.0/ಸಿಐಎಫ್‌ಎಸ್ ಫೈಲ್ ಶೇರಿಂಗ್ ಸಪೋರ್ಟ್' ಸಿಗುತ್ತದೆ. ಅದರ ಪಕ್ಕದ ಪ್ಲಸ್ ಗುರುತು ಒತ್ತಿದರೆ ಒಳಗೆ ಮೂರು ಸಾಲು ಕಾಣುತ್ತವೆ: ಆಟೊಮ್ಯಾಟಿಕ್ ರಿಮೂವಲ್, ಕ್ಲೈಂಟ್, ಸರ್ವರ್. ಕ್ಲೈಂಟ್ ಸಾಲಿಗೆ ಮಾತ್ರ ಟಿಕ್ ಇರಲಿ. ಸರ್ವರ್‌ಗೆ ಖಂಡಿತ ಬೇಡ. ವಾನಾಕ್ರೈ ನುಗ್ಗಿದ್ದೇ ಆ ಬಾಗಿಲಿನಿಂದ. ಮೇಲಿನ ಮುಖ್ಯ ಸಾಲಿಗೆ ಟಿಕ್ ಮಾಡಿದರೆ ಮೂರೂ ಒಟ್ಟಿಗೆ ಸೇರಿಬಿಡುತ್ತವೆ, ಅದಕ್ಕೇ ಬಿಡಿಸಿ ನೋಡಿ ಅಂದದ್ದು. ರೀಸ್ಟಾರ್ಟ್ ಮಾಡಿ.

ಆಮೇಲೆ ಎಕ್ಸ್‌ಪ್ಲೋರರ್‌ನ 'ನೆಟ್‌ವರ್ಕ್' ಐಕಾನ್ ಒಳಗೆ ಹುಡುಕುತ್ತಾ ಕೂರಬೇಡಿ. ವಿಳಾಸದ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನೇರ ಐಪಿ ಟೈಪ್ ಮಾಡಿ, \\192.168.1.45 ಅನ್ನುವ ಹಾಗೆ. ಯೂಸರ್ ಹೆಸರು ಕೇಳಿದರೆ ಲ್ಯಾಪ್‌ಟಾಪ್‌ನ ಇಮೇಲ್ ಅಲ್ಲ, ಬಾಕ್ಸ್‌ನಲ್ಲಿ ಮಾಡಿದ್ದ ಯೂಸರ್ ಹೆಸರು ಕೊಡಬೇಕು. ಏನೂ ಕೇಳದೆ, 'ನಿಮ್ಮ ಸಂಸ್ಥೆಯ ಭದ್ರತಾ ನೀತಿ ಗೆಸ್ಟ್ ಪ್ರವೇಶವನ್ನು ತಡೆದಿದೆ' ಎಂಬ ಅರ್ಥದ ಸಂದೇಶ ಬಂದರೆ ಗಾಬರಿಯಾಗಬೇಡಿ. ಮನೆಯಲ್ಲಿ ಯಾವ ಸಂಸ್ಥೆ ಅಂತ ಎಲ್ಲರಿಗೂ ಗೊಂದಲವಾಗುತ್ತದೆ. ಪಾಸ್‌ವರ್ಡ್ ಇಲ್ಲದೆ ತೆರೆಯುವ ಫೋಲ್ಡರ್‌ಗಳನ್ನು ವಿಂಡೋಸ್ 11 ಪ್ರೊ ತನ್ನ 24ಎಚ್2 ಆವೃತ್ತಿಯಿಂದ ತಡೆಯುತ್ತದೆ. ಅದೇ ಆವೃತ್ತಿ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಬೇಕು ಅನ್ನುತ್ತದೆ, ಹಳೇ ಬಾಕ್ಸ್‌ಗೆ ಅದು ಬರುವುದಿಲ್ಲ. ಹೋಮ್ ಆವೃತ್ತಿಗೆ ಈ ಎರಡು ಕಟ್ಟುಪಾಡು ಇಲ್ಲ. ಪ್ರೊ ಇದ್ದರೆ ಗ್ರೂಪ್ ಪಾಲಿಸಿ ಎಡಿಟರ್‌ನಲ್ಲಿ ಎರಡನ್ನೂ ತಾತ್ಕಾಲಿಕವಾಗಿ ಸಡಿಲ ಮಾಡಬಹುದು. ನಾನಾದರೆ ಅಷ್ಟು ದೂರ ಹೋಗುವುದಿಲ್ಲ. ಇಲ್ಲಿಗೆ ಬಂದು ಸಿಕ್ಕಿಕೊಂಡರೆ ಡಿಸ್ಕನ್ನೇ ಹೊರತೆಗೆಯುವುದು ಸುಲಭ.

ನಿಮಗೆ ಆ ದಾರಿ ಸುಲಭವಾಗಿರುವುದು ರೇಡ್ 1 ಇರುವುದರಿಂದ. ರೇಡ್ 1 ಅಂದರೆ ಎರಡು ಡಿಸ್ಕ್‌ನಲ್ಲೂ ಪೂರ್ತಿ ಅದೇ ಫೈಲ್‌ಗಳು. ಒಂದನ್ನು ತೆಗೆದು ಓದಿದರೆ ಸಾಕು, ಇನ್ನೊಂದು ಮುಟ್ಟದೆ ಉಳಿಯುತ್ತದೆ. ರೇಡ್ 0 ಅಥವಾ ಜೆಬಿಒಡಿ (ಎರಡು ಡಿಸ್ಕ್ ಸೇರಿಸಿ ಒಂದೇ ದೊಡ್ಡ ಡಿಸ್ಕ್‌ನಂತೆ ಬಳಸುವುದು) ಆಗಿದ್ದರೆ ಹೀಗೆ ಹೇಳುತ್ತಿರಲಿಲ್ಲ. ರೇಡ್ 0ರಲ್ಲಿ ಪ್ರತಿ ಫೈಲೂ ತುಂಡಾಗಿ ಎರಡರಲ್ಲೂ ಹಂಚಿಹೋಗಿರುತ್ತದೆ, ಎರಡೂ ಡಿಸ್ಕ್ ಒಟ್ಟಿಗೆ ಬೇಕು.

ಬಾಕ್ಸನ್ನು ಪವರ್ ಬಟನ್ ಒತ್ತಿಯೇ ಆಫ್ ಮಾಡಿ, ದೀಪ ಪೂರ್ತಿ ಆರಿದ ಮೇಲೆ ಅಡಾಪ್ಟರ್ ಕಳಚಿ. ಮುಂದಿನ ತಗಡಿನ ಮುಚ್ಚಳ ಮೇಲಕ್ಕೆ ಜಾರಿಸಿದರೆ ಬಿಚ್ಚಿಕೊಳ್ಳುತ್ತದೆ. ತೆಗೆಯುವ ಮೊದಲೇ ಮಾರ್ಕರ್‌ನಿಂದ ಡಿಸ್ಕ್ ಮೇಲೆ 'ಎಡ', 'ಬಲ' ಅಂತ ಬರೆಯಿರಿ. ಹಿಂದಿನ ಲಿವರ್ ಒತ್ತಿದರೆ ಡಿಸ್ಕ್ ಮುಂದಕ್ಕೆ ಬರುತ್ತದೆ. ಇವು 3.5 ಇಂಚಿನ ಸಾಟಾ ಡಿಸ್ಕ್‌ಗಳು, 12 ವೋಲ್ಟ್ ಕರೆಂಟ್ ಬೇಡುತ್ತವೆ. ಲ್ಯಾಪ್‌ಟಾಪ್ ಡಿಸ್ಕ್‌ಗೆ ಹಾಕುವ ಬರೀ ಯುಎಸ್‌ಬಿ ಕೇಬಲ್ ಇದಕ್ಕೆ ಸಾಲುವುದಿಲ್ಲ. ಸ್ವಂತ ಪವರ್ ಅಡಾಪ್ಟರ್ ಇರುವ ಸಾಟಾ ಡಾಕ್ (ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಸ್ಟ್ಯಾಂಡ್) ಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ತರಿಸಬಹುದು.

ಡಿಸ್ಕ್ ಹಾಕಿದ ತಕ್ಷಣ ವಿಂಡೋಸ್ 'ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು' ಅನ್ನಬಹುದು. ಕ್ಯಾನ್ಸಲ್ ಒತ್ತಿ. ಈ ಒಂದು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ನಿಜವಾಗಿಯೂ ರಿಕವರಿ ಲ್ಯಾಬ್ ಬೇಕಾಗಬಹುದು. ಬಹುಶಃ ಅಂಗಡಿಯವರು ಡಿಸ್ಕ್ ಹೋಗಿದೆ ಅಂದದ್ದೂ ಈ ಸಂದೇಶ ನೋಡಿಯೇ ಇರಬಹುದು. ಡಿಎನ್‌ಎಸ್-323ರ ಒಳಗೆ ಓಡುವುದು ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ. ಡಿಸ್ಕ್ ಇರುವುದು ಇಎಕ್ಸ್‌ಟಿ2 ಅಥವಾ ಇಎಕ್ಸ್‌ಟಿ3 ರೂಪದಲ್ಲಿ. ವಿಂಡೋಸ್ ಅದನ್ನು ಓದುವುದಿಲ್ಲ, ಓದಲಾಗದ್ದನ್ನೆಲ್ಲ ಖಾಲಿ ಅಂದುಕೊಳ್ಳುತ್ತದೆ.

ವಿಂಡೋಸ್‌ನಲ್ಲೇ ಮಾಡಬೇಕು ಅಂದರೆ ಡಿಸ್ಕ್‌ಇಂಟರ್ನಲ್ಸ್‌ನವರ ಲಿನಕ್ಸ್ ರೀಡರ್ ಇದೆ. ಅದು ಓದುತ್ತದೆ, ಬರೆಯುವುದಿಲ್ಲ. ನಮಗೆ ಬೇಕಾದದ್ದೂ ಅದೇ. ಡಿಸ್ಕ್‌ನಲ್ಲಿ ಮೂರು ಭಾಗ ಕಾಣಬಹುದು. ಸಣ್ಣವೆರಡನ್ನು ಬಿಟ್ಟುಬಿಡಿ, ದೊಡ್ಡದರಲ್ಲಿ ನಿಮ್ಮ ಫೈಲ್ ಇರುತ್ತವೆ. ಲಿನಕ್ಸ್ ಬಲ್ಲವರು ಪಕ್ಕದಲ್ಲಿದ್ದರೆ ಉಬುಂಟು ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಓದುವುದು ಇನ್ನೂ ಒಳ್ಳೆಯದು. ಅವರಿಗೆ ಎರಡು ಮಾತು ಹೇಳಿ. ರೇಡ್ ಅನ್ನು ಎಂಡಿಎಡಿಎಂನಲ್ಲಿ ರೀಡ್-ಓನ್ಲಿಯಾಗಿ ಜೋಡಿಸಬೇಕು. ಇಎಕ್ಸ್‌ಟಿ3 ಆಗಿದ್ದರೆ ಮೌಂಟ್ ಮಾಡುವಾಗ 'ನೋಲೋಡ್' ಆಯ್ಕೆಯೂ ಇರಬೇಕು. ಬರೀ ರೀಡ್-ಓನ್ಲಿ ಅಂದರೆ ಸಾಲದು, ಜರ್ನಲ್‌ನಲ್ಲಿ ಬಾಕಿ ಇದ್ದದ್ದನ್ನು ಇಎಕ್ಸ್‌ಟಿ3 ಆಗಲೂ ಡಿಸ್ಕ್‌ಗೆ ಬರೆಯಲು ಹೋಗುತ್ತದೆ.

ಹೊರತೆಗೆದ ಡಿಸ್ಕನ್ನು ಕಾಪಿ ಮುಗಿಯುವ ತನಕ ಮತ್ತೆ ಬಾಕ್ಸ್‌ಗೆ ಹಾಕಬೇಡಿ. ಹಾಕಿದರೆ ಬಾಕ್ಸ್ ರೇಡ್ ಮರುಜೋಡಣೆ ಶುರು ಮಾಡಬಹುದು. 1 ಟಿಬಿ ಪೂರ್ತಿ ಓದಿ 1 ಟಿಬಿ ಪೂರ್ತಿ ಬರೆಯುವ ಕೆಲಸ ಅದು. ಇಷ್ಟು ವಯಸ್ಸಾದ ಡಿಸ್ಕ್‌ಗಳಿಂದ ಸುಮ್ನೆ ಅಷ್ಟು ದುಡಿಸಬಾರದು.

ರೀಸೆಟ್ ಬಟನ್ ಬಗ್ಗೆಯೂ ಹೇಳಿಬಿಡುತ್ತೇನೆ. ಡಿಎನ್‌ಎಸ್-323ರಲ್ಲಿ ಅದು ಪಾಸ್‌ವರ್ಡ್, ಐಪಿ, ಯೂಸರ್‌ಗಳನ್ನು ಅಳಿಸುತ್ತದೆ, ಫೈಲ್‌ಗಳನ್ನಲ್ಲ. ಆದರೂ ಒಂದು ಕಾಪಿ ಕೈಗೆ ಬಂದ ಮೇಲೆ ಬೇಕಾದರೆ ಒತ್ತಿ. ಬೇರೆ ಕಂಪನಿಯ ಬಾಕ್ಸ್ ಇರುವವರು ಇದನ್ನೇ ನಂಬಿ ಒತ್ತಬಾರದು. ಸಿನಾಲಜಿಯಲ್ಲಿ ಸುಮಾರು 4 ಸೆಕೆಂಡ್ ಒತ್ತಿದರೆ ಅಡ್ಮಿನ್ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ಹೋಗುತ್ತದೆ. ಬಿಟ್ಟು ಮತ್ತೆ ಒತ್ತಿದರೆ ಇಡೀ ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕುವ ಹಂತಕ್ಕೆ ಹೋಗುತ್ತದೆ. ಆಯಾ ಮಾಡೆಲ್‌ನ ಕೈಪಿಡಿ ನೋಡಲೇಬೇಕು.

ಈಗ ಕಾಪಿ ಮಾಡುವ ಕ್ರಮ. ಎಲ್ಲವನ್ನೂ ಒಮ್ಮೆಗೇ ಸೆಲೆಕ್ಟ್ ಮಾಡಿ ಎಳೆಯಬೇಡಿ. ಮೊದಲು ತಂದೆಯವರ ಧ್ವನಿ, ಆಮೇಲೆ ಫೋಟೊ, ಕೊನೆಗೆ ಸಿನಿಮಾ, ಸಾಫ್ಟ್‌ವೇರ್. ನಡುವೆ ಏನಾದರೂ ಆದರೆ ಮತ್ತೆಲ್ಲೂ ಸಿಗದ ವಸ್ತು ಅಷ್ಟರೊಳಗೆ ಹೊರಬಂದಿರಬೇಕು. ಈ ಬಾಕ್ಸ್ ನಿಧಾನ. ಸೆಕೆಂಡಿಗೆ 15 ಎಂಬಿ ಸಿಕ್ಕರೆ 500 ಜಿಬಿಗೆ 9 ಗಂಟೆಗೂ ಜಾಸ್ತಿ ಬೇಕು. ಲ್ಯಾಪ್‌ಟಾಪ್‌ನ ಸ್ಲೀಪ್ ಆಫ್ ಮಾಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇದ್ದದ್ದೇ, ಬಾಕ್ಸ್ ಮತ್ತು ಡಾಕ್ ಎರಡನ್ನೂ ಯುಪಿಎಸ್ ಮೇಲೆ ಇಡಿ. ಎಸ್‌ಎಂಬಿ ಮೂಲಕ ತರುವುದಾದರೆ ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಎಂಬ ಕಾಪಿ ಕಮಾಂಡ್ ಒಳ್ಳೆಯದು, ನಡುವೆ ನಿಂತರೂ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಆದರೆ ಅದರ ಮರುಪ್ರಯತ್ನದ ಸಂಖ್ಯೆ ಮತ್ತು ಕಾಯುವ ಸಮಯ ಎರಡನ್ನೂ 1ಕ್ಕೆ ಇಳಿಸಿ. ಹಾಗೇ ಬಿಟ್ಟರೆ, ಓದಲಾಗದ ಒಂದು ಫೈಲ್ ಸಿಕ್ಕಿದಾಗ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುವುದು ಅದರ ಸ್ವಭಾವ. ಬೆಳಿಗ್ಗೆ ಎದ್ದು ನೋಡಿದರೆ ಅಲ್ಲೇ ನಿಂತಿರುತ್ತದೆ.

ಕಾಪಿ ಆಯಿತು ಅಂತ ವಿಂಡೋಸ್ ಹೇಳಿದರೆ ಸಾಲದು. ಎರಡೂ ಕಡೆ ಫೈಲ್‌ಗಳ ಸಂಖ್ಯೆ, ಒಟ್ಟು ಗಾತ್ರ ಹೋಲಿಸಿ. ಕೆಲವು ಆಡಿಯೊ ತೆರೆದು ಮೊದಲು, ನಡುವೆ, ಕೊನೆಗೆ ಕೇಳಿ. ಫೋಟೊಗಳನ್ನು ದೊಡ್ಡದು ಮಾಡಿ ನೋಡಿ, ಅರ್ಧ ಬಂದ ಫೋಟೊ ಥಂಬ್‌ನೇಲ್‌ನಲ್ಲಿ ಸರಿಯಾಗೇ ಕಾಣುವುದುಂಟು. ಇದೆಲ್ಲ ಸರಿ ಇದ್ದರೆ ಇನ್ನೊಂದು ಬಾಹ್ಯ ಡಿಸ್ಕ್‌ಗೆ ಎರಡನೇ ಕಾಪಿ ಮಾಡಿ, ಅದನ್ನು ಬೇರೆ ಮನೆಯಲ್ಲಿಡಿ. ಬೆಂಗಳೂರಲ್ಲೋ ಹೊರದೇಶದಲ್ಲೋ ಮನೆಮಕ್ಕಳಿದ್ದರೆ ಧ್ವನಿಯ ಫೋಲ್ಡರ್‌ನ ಒಂದು ಪ್ರತಿ ಅವರಿಗೂ ಹೋಗಲಿ.

ಈಗ ಲ್ಯಾಬ್‌ನ ವಿಷಯ. ಡಿಸ್ಕ್‌ನಿಂದ ಟಕ್ ಟಕ್ ಅಂತ ಒಂದೇ ಸಮ ಸದ್ದು ಬಂದರೆ, ತಿರುಗಲು ಶುರುವಾಗಿ ಮತ್ತೆ ನಿಂತರೆ, ತಕ್ಷಣ ಕರೆಂಟ್ ತೆಗೆಯಿರಿ. ಮತ್ತೆ ಮತ್ತೆ ಆನ್ ಮಾಡಿ ಪರೀಕ್ಷಿಸಬೇಡಿ. ಮೊದಲು ಇನ್ನೊಂದು ಡಿಸ್ಕ್ ಓದಿ ನೋಡಿ. ಅದೂ ಹಾಗೇ ಇದ್ದರೆ ಮಾತ್ರ ಲ್ಯಾಬ್. ಸದ್ದಿಲ್ಲದೆ ಅಲ್ಲಲ್ಲಿ ಓದಲು ತಡವರಿಸುವ ಡಿಸ್ಕ್ ಆದರೆ, ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ಪ್ರೋಗ್ರಾಂ ಬಳಸಿ ಇಡೀ ಡಿಸ್ಕ್‌ನ ಇಮೇಜ್ (ಪಡಿಯಚ್ಚು) ತೆಗೆದು, ಆ ಇಮೇಜ್‌ನಿಂದ ಫೈಲ್ ಹುಡುಕಬೇಕು. ಚೆನ್ನಾಗಿರುವ ಭಾಗ ಮೊದಲು ಓದಿ, ಕೆಟ್ಟ ಜಾಗಕ್ಕೆ ಕೊನೆಗೆ ಬರುವುದು ಅದರ ಕ್ರಮ.

ಫೈಲ್‌ಗಳೆಲ್ಲ ಬಂದ ಮೇಲೆ ಈ ಬಾಕ್ಸನ್ನು ಮತ್ತೆ ರೌಟರ್‌ಗೆ ಸಿಕ್ಕಿಸಿ ಮೊದಲಿನಂತೆ ಬಳಸೋಣ ಅಂತ ಮನಸ್ಸಾಗಬಹುದು. ದಯವಿಟ್ಟು ಬೇಡ. 2021ರ ಜೂನ್‌ನಲ್ಲಿ, ಕಂಪನಿ ಅಪ್‌ಡೇಟ್ ನಿಲ್ಲಿಸಿ ವರ್ಷಗಳಾಗಿದ್ದ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಬಾಕ್ಸ್‌ಗಳನ್ನು ಯಾರೋ ದೂರದಿಂದಲೇ ಫ್ಯಾಕ್ಟರಿ ರೀಸೆಟ್ ಮಾಡಿದರು. ಬೆಳಗಾಗುವುದರೊಳಗೆ ಎಷ್ಟೋ ಮನೆಗಳ ಫೋಟೊ ಮಾಯವಾಗಿದ್ದವು. 2024ರ ಏಪ್ರಿಲ್‌ನಲ್ಲಿ ಡಿ-ಲಿಂಕ್‌ನ ಡಿಎನ್‌ಎಸ್-320ಎಲ್, 325, 327ಎಲ್, 340ಎಲ್ ಮಾಡೆಲ್‌ಗಳಲ್ಲಿ ಪಾಸ್‌ವರ್ಡ್ ಇಲ್ಲದೆ ಒಳಗೆ ನುಗ್ಗುವ ದೋಷ ಹೊರಬಂತು. ಅವುಗಳ ಕಾಲ ಮುಗಿದಿದೆ, ಪ್ಯಾಚ್ ಬರುವುದಿಲ್ಲ, ಬಳಕೆ ನಿಲ್ಲಿಸಿ ಅಂತ ಕಂಪನಿಯೇ ಹೇಳಿತು. ನಿಮ್ಮದು ಅವಕ್ಕಿಂತ ಹಳೆಯದು.

ಹಾಗಾಗಿ ಕೆಲಸ ಮುಗಿದ ದಿನವೇ ವಿಂಡೋಸ್ ಫೀಚರ್ಸ್ ಪಟ್ಟಿಗೆ ಹೋಗಿ ಎಸ್‌ಎಂಬಿ 1 ಕ್ಲೈಂಟ್‌ನ ಟಿಕ್ ತೆಗೆಯಿರಿ. 'ಆಟೊಮ್ಯಾಟಿಕ್ ರಿಮೂವಲ್' ಇದ್ದರೆ 15 ದಿನ ಬಳಸದಿದ್ದಾಗ ತಾನಾಗಿ ಹೋಗುತ್ತದೆ, ಆದರೆ ಅಲ್ಲಿತನಕ ಕಾಯುವ ಅಗತ್ಯವಿಲ್ಲ. ಲ್ಯಾಪ್‌ಟಾಪ್‌ನ ಐಪಿಯನ್ನು ಮತ್ತೆ ಆಟೊಮ್ಯಾಟಿಕ್‌ಗೆ ತಿರುಗಿಸಿ, ಇಲ್ಲದಿದ್ದರೆ ಮುಂದೆ ಲ್ಯಾನ್ ಕೇಬಲ್ ಹಾಕಿದಾಗ ಇಂಟರ್ನೆಟ್ ಬರುವುದಿಲ್ಲ. ಹಳೇ ಡಿಸ್ಕ್ ಎರಡನ್ನೂ ಅಳಿಸದೆ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಕವರ್‌ನಲ್ಲಿ ಒಂದು ಮಳೆಗಾಲ ಕಳೆಯುವ ತನಕವಾದರೂ ಇಟ್ಟುಕೊಳ್ಳಿ. ಯಾವುದೋ ಒಂದು ಫೋಲ್ಡರ್ ಬಿಟ್ಟುಹೋಗಿದೆ ಅಂತ ಗೊತ್ತಾಗುವುದು ಸಾಮಾನ್ಯವಾಗಿ ತಿಂಗಳುಗಳ ಮೇಲೆ, ಮನೆಯವರು ಯಾರಾದರೂ ಒಂದು ಹಾಡು ಅಥವಾ ಒಂದು ಮದುವೆಯ ಫೋಟೊ ಕೇಳಿದಾಗ.